ಜಿಂಕೆಗೆ ಏನು ಬಿತ್ತಬೇಕು?

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ತಿಂಗಳು ಮರಳೂರಿನ ನಮ್ಮ ಮನೆಗೆ ಬಂದಿದ್ದ. ಮಧುಗಿರಿ ತಾಲ್ಲೂಕಿನಲ್ಲಿ ಅವನ ತಂದೆಯ ಕಾಲದ ನಾಲ್ಕು ಎಕರೆ ಹೊಲ ಬೀಳುಬಿದ್ದಿದೆ. "ಮೇಷ್ಟ್ರೇ, ಅಲ್ಲಿಗೆ ಜಿಂಕೆಗಳು ಬರುವ ಹಾಗೆ ಮಾಡಬೇಕು. ಏನು ಬಿತ್ತಲಿ?" ಎಂದು ಕೇಳಿದ. ಅಮೆರಿಕದಲ್ಲಿ ಜಿಂಕೆಗಳನ್ನು ಸೆಳೆಯಲೆಂದೇ ಕ್ಲೋವರ್, ಓಟ್ಸ್ ಬಿತ್ತುವುದುಂಟು. ಬಿತ್ತುವವರಲ್ಲಿ ಹೆಚ್ಚಿನವರು ಬೇಟೆಗಾರರು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಇವನ ಆಸೆ ಕಣ್ತುಂಬ ನೋಡುವುದಷ್ಟೆ. ಆದರೂ "ಏನನ್ನೂ ಬಿತ್ತಬೇಡ" ಎಂದೆ. ಅವನ ಮುಖ ಸಪ್ಪಗಾಯಿತು. ಅಂದು ಪೂರ್ತಿಯಾಗಿ ಹೇಳಲಾಗದ ಕಾರಣವನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ಸೀಮೆಯಲ್ಲಿ ನಾವು ಜಿಂಕೆ ಎನ್ನುವುದು ಬಹುಮಟ್ಟಿಗೆ ಕೃಷ್ಣಮೃಗವನ್ನು. ಮೈದನಹಳ್ಳಿಯ ಬಳಿ ಸುಮಾರು 798 ಎಕರೆ ಹುಲ್ಲುಗಾವಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಕೃಷ್ಣಮೃಗಕ್ಕೆ ಅಡಗಿಕೊಳ್ಳುವ ವಿದ್ಯೆ ತಿಳಿಯದು. ದೂರದಿಂದಲೇ ಅಪಾಯವನ್ನು ಕಂಡು ಓಡುವುದೊಂದೇ ಅದರ ರಕ್ಷಣೆ. ಆದ್ದರಿಂದ ಅದಕ್ಕೆ ಬೇಕಾದದ್ದು ಮೇಯಲು ಹುಲ್ಲು ಮತ್ತು ಮರೆಯಿಲ್ಲದ ಬಯಲು.

ಈ ತಿಳಿವಳಿಕೆ ನನಗೂ ಆಗ ಇರಲಿಲ್ಲ. 1988ರ ಸುಮಾರಿಗೆ, ವನಮಹೋತ್ಸವದ ದಿನ ಮಕ್ಕಳನ್ನು ಸಾಲಾಗಿ ಕರೆದೊಯ್ದು ಒಂದು ಗೋಮಾಳದ ತುಂಬ ನೀಲಗಿರಿ ಸಸಿಗಳನ್ನು ನೆಡಿಸಿದೆ. ಬರಡು ನೆಲವನ್ನು ಹಸಿರು ಮಾಡಿದೆವೆಂದು ಭಾಷಣವನ್ನೂ ಮಾಡಿದೆ. ಆ ನೆಲ ಬರಡಾಗಿರಲಿಲ್ಲ, ಅದು ಹುಲ್ಲುಗಾವಲು. ಈ ಪುಟವನ್ನು ಓದುತ್ತಿರುವ ನಿಮ್ಮಲ್ಲಿ ಕೆಲವರು ಅಂದು ಬಿಂದಿಗೆಯಲ್ಲಿ ನೀರು ಹೊತ್ತವರು. ತಪ್ಪು ನಿಮ್ಮದಲ್ಲ, ನನ್ನದು.

ಇದೇ ತಪ್ಪು ದೊಡ್ಡ ಪ್ರಮಾಣದಲ್ಲಿಯೂ ನಡೆದಿದೆ. 1974ರಲ್ಲಿ ರಾಣೆಬೆನ್ನೂರಿನಲ್ಲಿ 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯವಾಯಿತು. ಆದರೆ ಅಲ್ಲಿನ ಬಹುಭಾಗವನ್ನು ನೀಲಗಿರಿ ತೋಪುಗಳೇ ಆವರಿಸಿದವು. ಗುಜರಾತಿನ ವೇಳಾವದರದ ಪಾಠ ಇನ್ನೂ ಸೂಕ್ಷ್ಮವಾದುದು. ಬೇಸಿಗೆಯಲ್ಲಿ ಹುಲ್ಲು ಒಣಗಿದಾಗ ಕೃಷ್ಣಮೃಗಗಳು ಬಳ್ಳಾರಿ ಜಾಲಿಯ ಸಿಹಿ ಕಾಯಿಗಳನ್ನು ತಿನ್ನುತ್ತವೆ. ಬೀಜಗಳು ಹಿಕ್ಕೆಯೊಡನೆ ಬಯಲಿಗೆ ಬಿದ್ದು ಮೊಳೆಯುತ್ತವೆ. ಜಾಲಿ ಹಬ್ಬಿದಂತೆ ಹುಲ್ಲುಗಾವಲು ಮುಚ್ಚಿಹೋಗುತ್ತದೆ. ಪ್ರಾಣಿಯನ್ನು ಸೆಳೆಯುವುದೆಲ್ಲ ಅದಕ್ಕೆ ಹಿತವಲ್ಲ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಹಾಗಾದರೆ ಹುರುಳಿಯನ್ನೋ ಅಲಸಂದೆಯನ್ನೋ ಬಿತ್ತಬಹುದಲ್ಲ ಎಂದೀರಿ. ಮೃಗಗಳು ಬಂದೇ ಬರುತ್ತವೆ. ಆದರೆ ಅವಕ್ಕೆ ನಮ್ಮ ಬದುವಿನ ಗುರುತಿಲ್ಲ. ಇವನ ಹುರುಳಿ ಮುಗಿದ ಮೇಲೆ ಪಕ್ಕದವನ ಕಡಲೆಕಾಯಿ, ರಾಗಿಗೆ ಬಾಯಿ ಹಾಕುತ್ತವೆ. ಇವನು ವರ್ಷಕ್ಕೊಮ್ಮೆ ಬಂದು ನೋಡಿ ಸಂತೋಷಪಡುವನು. ರಾತ್ರಿಯಿಡೀ ಹೊಲ ಕಾಯುವವನು ಆ ರೈತ. ಒಬ್ಬನ ಸಂತೋಷದ ಖರ್ಚನ್ನು ಇನ್ನೊಬ್ಬನು ಭರಿಸುವುದು ನ್ಯಾಯವಲ್ಲ.

ಆದ್ದರಿಂದ ಶಿಷ್ಯನಿಗೆ ನನ್ನ ಮಾತು ಇಷ್ಟೇ: ನೆಲವನ್ನು ಉಳಬೇಡ, ತಂತಿಬೇಲಿ ಹಾಕಬೇಡ. ಜಾಲಿಯ ಸಸಿಗಳನ್ನು ಬೇರುಸಹಿತ ಕೀಳಿಸು. ಮಳೆ ಬಿದ್ದರೆ ಗರಿಕೆ ತಾನಾಗಿ ಚಿಗುರುತ್ತದೆ. ಮೃಗಗಳು ಬಂದರೆ ಬರಲಿ. ಪಕ್ಕದ ಹೊಲದವನಿಗೆ ನಷ್ಟವಾದರೆ ನಿನ್ನ ಪಾಲನ್ನು ಕೊಡು. ಅದಕ್ಕೆ ಸಿದ್ಧನಿಲ್ಲದಿದ್ದರೆ ಜಿಂಕೆಯ ಆಸೆಯನ್ನೇ ಬಿಡು.

ಸಸಿ ನೆಡಬೇಡಿರೆಂದು ನಾನು ಹೇಳುತ್ತಿಲ್ಲ. ನೆಡುವ ಮೊದಲು ಅಲ್ಲಿ ಏನಿದೆ ಎಂದು ನೋಡಿ ಎನ್ನುತ್ತಿದ್ದೇನೆ. ಅಂದು ತರಗತಿಯಲ್ಲಿ ಹೇಳಬೇಕಾಗಿದ್ದ ಪಾಠವಿದು, ತಡವಾಗಿಯಾದರೂ ಹೇಳಿದ್ದೇನೆ.