ಅತಿವಾಹಕ ವಸ್ತುಗಳೂ ಕಲಾ ವಿಭಾಗದ ನಾವೂ

ಈ ವರ್ಷದ ಸಂಚಿಕೆಗೆ ಅತಿವಾಹಕ ವಸ್ತುಗಳನ್ನು ಕುರಿತು ಬರೆಯುತ್ತೇನೆಂದಾಗ ಗೆಳತಿಯೊಬ್ಬಳು ನಕ್ಕುಬಿಟ್ಟಳು. “ನೀ ಇತಿಹಾಸ ಓದಾಕಿ. ನಿನಗ್ಯಾಕ ಬೇಕು ಈ ಕರೆಂಟಿನ ಉಸಾಬರಿ?” ಎಂದಳು. ಅವಳ ಮಾತಿನಲ್ಲಿ ಹುರುಳಿಲ್ಲದಿಲ್ಲ. ನಾನು ಬಿ.ಎ. ಕೊನೆಯ ವರ್ಷದವಳು; ಭೌತಶಾಸ್ತ್ರವನ್ನು ಹತ್ತನೆಯ ಇಯತ್ತೆಗೇ ಬಿಟ್ಟವಳು. ಆದರೆ ಒಂದು ಮಾತನ್ನು ಸತ್ಯವೆಂದು ಯಾವಾಗ ಒಪ್ಪಬೇಕು ಎಂಬ ಪ್ರಶ್ನೆ ವಿಜ್ಞಾನದ ವಿದ್ಯಾರ್ಥಿಗಳಿಗೆ ಮಾತ್ರ ಸೇರಿದ್ದಲ್ಲ. ಅತಿವಾಹಕತೆಯ ಶೋಧದ ಕಥೆ ಈ ಪ್ರಶ್ನೆಯನ್ನು ನಮ್ಮೆಲ್ಲರ ಮುಂದೆ ಇಡುತ್ತದೆ.

ತಂತಿಯಲ್ಲಿ ವಿದ್ಯುತ್ತು ಹರಿಯುವಾಗ ಲೋಹವು ಅದಕ್ಕೆ ಅಡ್ಡಿ ಒಡ್ಡುತ್ತದೆ. ಈ ಅಡ್ಡಿಗೆ ರೋಧವೆಂದು ಹೆಸರು. ರೋಧದಿಂದಾಗಿ ವಿದ್ಯುತ್ತಿನ ಒಂದು ಪಾಲು ಶಾಖವಾಗಿ ವ್ಯರ್ಥವಾಗುತ್ತದೆ. ಘೋಡಗೇರಿಯಲ್ಲಿ ನಮ್ಮ ಕಬ್ಬಿನ ಹೊಲ ಲೈನಿನ ತುದಿಗಿದೆ. ರಾತ್ರಿ ಕರೆಂಟು ಬಂದೊಡನೆ ಎಲ್ಲರ ಮೋಟಾರುಗಳೂ ಒಮ್ಮೆಗೇ ಶುರುವಾದರೆ ನಮ್ಮ ಮೋಟಾರು ಗುಂಯ್‌ಗುಡುತ್ತದೆಯೇ ಹೊರತು ನೀರೆತ್ತುವುದಿಲ್ಲ. ಅಪ್ಪ ಅದಕ್ಕೆ “ಓಲ್ಟೇಜ್ ಇಲ್ಲ” ಎನ್ನುತ್ತಾರೆ. ದಾರಿಯ ತಂತಿಯೇ ಒಂದಿಷ್ಟನ್ನು ನುಂಗಿದೆ ಎಂಬುದೂ ಆ ಮಾತಿನಲ್ಲಿ ಅಡಗಿದೆ.

ಈ ರೋಧ ಪೂರ್ತಿಯಾಗಿ ಇಲ್ಲದಂತಾದರೆ? 1911ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಕಾಮರ್ಲಿಂಗ್ ಓನ್ನೆಸ್ ಎಂಬ ವಿಜ್ಞಾನಿಯ ಪ್ರಯೋಗಶಾಲೆಯಲ್ಲಿ ಅದು ನಿಜವಾಗಿ ನಡೆಯಿತು. ದ್ರವ ಹೀಲಿಯಮ್ಮಿನಿಂದ ಪಾದರಸವನ್ನು ತಣಿಸುತ್ತ ಹೋದಾಗ, ಸೊನ್ನೆಗಿಂತ ಸುಮಾರು 269 ಡಿಗ್ರಿ ಸೆಲ್ಸಿಯಸ್ ಕೆಳಗೆ ಅದರ ರೋಧ ಮೆಲ್ಲಮೆಲ್ಲನೆ ಇಳಿಯಲಿಲ್ಲ, ಥಟ್ಟನೆ ಮಾಯವಾಯಿತು. ಗಾಣದ ಮನೆಯಲ್ಲಿ ಕೊಪ್ಪರಿಗೆಯ ಕಬ್ಬಿನ ಹಾಲು ಗಂಟೆಗಟ್ಟಲೆ ಕುದಿಯುತ್ತದೆ. ಹದ ಬರುವುದು ಮಾತ್ರ ಒಂದು ಗಳಿಗೆಯಲ್ಲಿ. ಪದಾರ್ಥಗಳಿಗೂ ಹೀಗೊಂದು ಹದವಿದೆ. ಅದನ್ನು ಸಂಧಿ ತಾಪವೆನ್ನುತ್ತಾರೆ. 1933ರಲ್ಲಿ ಜರ್ಮನಿಯ ಮೈಸ್ನರ್ ಮತ್ತು ಓಕ್ಸೆನ್‌ಫೆಲ್ಡ್ ಇನ್ನೊಂದು ಗುಣವನ್ನು ಕಂಡರು: ಅತಿವಾಹಕವು ಆಯಸ್ಕಾಂತದ ಪ್ರಭಾವವನ್ನು ತನ್ನೊಡಲಿನಿಂದ ಹೊರಕ್ಕೆ ತಳ್ಳುತ್ತದೆ. ಹೀಗಾಗಿ ಒಂದು ಪದಾರ್ಥವನ್ನು ಅತಿವಾಹಕವೆನ್ನಬೇಕಾದರೆ ಈ ಎರಡೂ ಗುಣಗಳನ್ನು ತೋರಿಸಬೇಕು. ಒಂದು ಸಾಕ್ಷಿ ಸಾಲದು.

ಇದೆಲ್ಲ ಬರಿಯ ಪಾಂಡಿತ್ಯವೆಂದು ಯಾರೂ ತಿಳಿಯದಿರಲಿ. ದೊಡ್ಡ ಆಸ್ಪತ್ರೆಗಳಲ್ಲಿ ಮಿದುಳಿನ ಚಿತ್ರ ತೆಗೆಯುವ ಎಂ.ಆರ್.ಐ. ಯಂತ್ರಗಳ ಒಳಗಿರುವುದು ಹೆಚ್ಚಾಗಿ ಅತಿವಾಹಕ ತಂತಿಯ ಆಯಸ್ಕಾಂತವೇ. ಜಿನೀವಾದ ಹತ್ತಿರ ನೆಲದಡಿ 27 ಕಿಲೋಮೀಟರ್ ಸುತ್ತಳತೆಯ ಮಹಾಯಂತ್ರದಲ್ಲಿ ಪರಮಾಣುವಿನ ಕಣಗಳನ್ನು ದಾರಿಗೆ ತಿರುಗಿಸುವುದೂ ಅವೇ. ಜಪಾನಿನಲ್ಲಿ 2015ರಲ್ಲಿ ಹಳಿಯನ್ನು ಮುಟ್ಟದೆ ತೇಲುವ ರೈಲೊಂದು ಗಂಟೆಗೆ 603 ಕಿಲೋಮೀಟರ್ ವೇಗದಲ್ಲಿ ಓಡಿದ್ದೂ ಇಂಥ ಆಯಸ್ಕಾಂತಗಳ ಬಲದಿಂದ. ಜರ್ಮನಿಯ ಎಸ್ಸೆನ್ ನಗರದಲ್ಲಿ 2014ರಲ್ಲಿ ಸುಮಾರು ಒಂದು ಕಿಲೋಮೀಟರ್ ಉದ್ದದ ಅತಿವಾಹಕ ಕೇಬಲ್ಲನ್ನು ಊರಿನ ವಿದ್ಯುತ್ ಜಾಲಕ್ಕೇ ಜೋಡಿಸಿ ನೋಡಿದರು.

ಹಾಗಾದರೆ ನಮ್ಮ ಹೊಲದ ಲೈನಿಗೆ ಅಂಥ ತಂತಿ ಏಕಿಲ್ಲ? ಶೈತ್ಯವೇ ಮುಖ್ಯ ತೊಡಕು. ದ್ರವ ಹೀಲಿಯಂ ದುಬಾರಿಯ ವಸ್ತು. 1986ರಲ್ಲಿ ಜ್ಯೂರಿಕ್ಕಿನ ಬೆಡ್ನೋರ್ಜ್ ಮತ್ತು ಮ್ಯುಲ್ಲರ್ ತಾಮ್ರದ ಆಕ್ಸೈಡೊಂದರಲ್ಲಿ ಹೊಸ ದಾರಿ ತೋರಿಸಿದರು. ಮರುವರ್ಷವೇ ಅಮೆರಿಕದಲ್ಲಿ ಸೊನ್ನೆಗಿಂತ 180 ಡಿಗ್ರಿ ಕೆಳಗೇ ಅತಿವಾಹಕವಾಗುವ ಪದಾರ್ಥ ದೊರೆಯಿತು. ಅದೇ 1987ರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆರ್. ರಾವ್ ಅವರ ತಂಡವೂ ಇಂಥ ಪದಾರ್ಥವನ್ನು ತಯಾರಿಸಿ ಅದರ ಗುಣಗಳನ್ನು ಪ್ರಕಟಿಸಿತು. ಇವುಗಳನ್ನು ತಣಿಸಲು ದ್ರವ ಸಾರಜನಕ ಸಾಕು. ಅದು ನಮಗೆ ಅಪರಿಚಿತವೇ? ದನದ ದವಾಖಾನೆಗೆ ಎಮ್ಮೆಯನ್ನು ಹೊಡೆದುಕೊಂಡು ಹೋದವರೆಲ್ಲ ಹೊಗೆಯಾಡುವ ಆ ಕ್ಯಾನನ್ನು ನೋಡಿದ್ದಾರೆ. ಕೃತಕ ಗರ್ಭಧಾರಣೆಯ ವೀರ್ಯವನ್ನು ಕಾಯ್ದಿಡುವುದು ಸೊನ್ನೆಗಿಂತ 196 ಡಿಗ್ರಿ ಕೆಳಗಿರುವ ಅದೇ ದ್ರವದಲ್ಲಿ. ಆದರೆ ಈ ಹೊಸ ಪದಾರ್ಥಗಳು ಮಣ್ಣಿನ ಪಾತ್ರೆಯಂತೆ ಪೆಡಸು. ತಾಮ್ರದಂತೆ ಎಳೆದರೆ ತಂತಿಯಾಗುವುದಿಲ್ಲ. ಆದ್ದರಿಂದಲೇ ತಣಿಸದೆಯೂ ಅತಿವಾಹಕವಾಗಿರುವ ಪದಾರ್ಥಕ್ಕಾಗಿ ಜಗತ್ತು ಹಂಬಲಿಸುತ್ತಿದೆ.

ಹಂಬಲವಿದ್ದಲ್ಲಿ ಅವಸರವೂ ಇರುತ್ತದೆ. 2018ರ ಜುಲೈಯಲ್ಲಿ ಅದೇ ವಿಜ್ಞಾನ ಸಂಸ್ಥೆಯ ಇಬ್ಬರು ಸಂಶೋಧಕರು, ಬಂಗಾರ ಬೆಳ್ಳಿಗಳ ಅತಿಸೂಕ್ಷ್ಮ ಕಣಗಳಲ್ಲಿ ಸೊನ್ನೆಗಿಂತ ಕೇವಲ 37 ಡಿಗ್ರಿ ಕೆಳಗೆ ಅತಿವಾಹಕತೆ ಕಂಡಿತೆಂದು ತಿಳಿಸಿದರು. ಕೆಲ ದಿನಗಳಲ್ಲೇ ಅಮೆರಿಕದ ಬ್ರಯಾನ್ ಸ್ಕಿನ್ನರ್ ಎಂಬ ಭೌತವಿಜ್ಞಾನಿ ಆ ನಕ್ಷೆಯಲ್ಲಿ ಒಂದು ವಿಚಿತ್ರವನ್ನು ಗುರುತಿಸಿದರು. ಬೇರೆ ಬೇರೆ ಅಳತೆಗಳಲ್ಲಿ ತಾನಾಗಿ ಬರುವ ಸಣ್ಣ ಏರಿಳಿತಗಳು ಎರಡು ಕಡೆ ಒಂದೇ ತೆರನಾಗಿದ್ದವು. ಗಾಳಿಗೆ ಓಲಾಡುವ ಕಬ್ಬಿನ ಗರಿ ಎರಡು ದಿನ ಒಂದೇ ರೀತಿ ಓಲಾಡುವುದುಂಟೇ? ಬೆಂಗಳೂರಿನ ತಂಡ 2019ರಲ್ಲಿ ಹೆಚ್ಚಿನ ಲೇಖಕರೊಡನೆ, ಹೆಚ್ಚಿನ ಅಳತೆಗಳೊಡನೆ ಲೇಖನವನ್ನು ತಿದ್ದಿ ಹೊರತಂದಿತು. ಆದರೂ ಆ ಶೋಧ ಇದುವರೆಗೆ ಸರ್ವಸಮ್ಮತವಾಗಿಲ್ಲ. ಯಾರನ್ನೂ ತಪ್ಪಿತಸ್ಥರೆನ್ನುವ ಅಧಿಕಾರ ನಮಗಿಲ್ಲ; ಪ್ರಶ್ನೆ ತೆರೆದಿದೆ, ಅಷ್ಟೇ.

ಇಂಥ ಪ್ರಸಂಗ ನಮ್ಮ ದೇಶಕ್ಕೆ ಮಾತ್ರ ಸೀಮಿತವಲ್ಲ. ಅಮೆರಿಕದ ರೋಚೆಸ್ಟರಿನ ತಂಡವೊಂದರ ಇದೇ ವಿಷಯದ ಲೇಖನಗಳನ್ನು ‘ನೇಚರ್’ ಪತ್ರಿಕೆ 2022ರಲ್ಲೂ 2023ರಲ್ಲೂ ಹಿಂದಕ್ಕೆ ಪಡೆಯಿತು. 2023ರ ಜುಲೈಯಲ್ಲಿ ಕೊರಿಯಾದಿಂದ ಎಲ್.ಕೆ.-99 ಎಂಬ ಪದಾರ್ಥದ ಸುದ್ದಿ ಹೊರಟಾಗ, ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯವೂ ಸೇರಿದಂತೆ ಹಲವು ಕಡೆ ಅದನ್ನು ತಯಾರಿಸಿ ನೋಡಿದರು. ಕೆಲವೇ ವಾರಗಳಲ್ಲಿ ಅದು ಅತಿವಾಹಕವಲ್ಲವೆಂದು ತೀರ್ಮಾನವಾಯಿತು. ಇದನ್ನು ವಿಜ್ಞಾನದ ಸೋಲೆನ್ನುವವರಿದ್ದಾರೆ. ನನಗೆ ಇದು ಅದರ ಗೆಲುವಾಗಿಯೇ ಕಾಣುತ್ತದೆ. “ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು” ಎಂಬ ನಮ್ಮ ಗಾದೆಯನ್ನು ಅವರು ನಡೆಸಿ ತೋರಿಸಿದರು.

ಈಗ ನನ್ನದೇ ಒಂದು ತಪ್ಪನ್ನು ಹೇಳಬೇಕು. ಹತ್ತನೆಯ ಇಯತ್ತೆಯಲ್ಲಿ ರೋಧವನ್ನು ಅಳೆಯುವ ಪ್ರಯೋಗವಿತ್ತು. ಅಂದು ಮೀಟರಿನ ಮುಳ್ಳು ಅಲುಗಲೇ ಇಲ್ಲ. ಪುಸ್ತಕದಲ್ಲಿದ್ದಂತೆ ಸರಳರೇಖೆ ಬರುವ ಹಾಗೆ ಅಂಕೆಗಳನ್ನು ನಾವೇ ಕಟ್ಟಿ ಬರೆದೆವು. ನನಗೆ ಪೂರ್ತಿ ಗುಣಗಳು ಬಂದವು. ಅವ್ವನಿಗೆ ಓದಲು ಬಾರದು. ಆದರೂ ಆ ಗುಣಪತ್ರಿಕೆಯನ್ನು ಕಣ್ಣಿಗೊತ್ತಿಕೊಂಡಳು. ಆ ನೆನಪು ಇಂದಿಗೂ ನನ್ನನ್ನು ಚುಚ್ಚುತ್ತದೆ. “ಮುಳ್ಳು ಅಲುಗಲಿಲ್ಲ” ಎಂದು ಬರೆಯುವ ಧೈರ್ಯ ನನಗಿರಲಿಲ್ಲ. ಹಾಗೆ ಬರೆದರೆ ಗುಣ ಸಿಗುವುದೆಂಬ ಭರವಸೆಯೂ ಇರಲಿಲ್ಲ. ಕಲಾ ವಿಭಾಗಕ್ಕೆ ಬಂದ ಮೇಲೂ ಗೈಡಿನ ಉತ್ತರಗಳನ್ನು ಕಂಠಪಾಠ ಮಾಡಿಯೇ ನಾವು ಎಷ್ಟೋ ಪರೀಕ್ಷೆಗಳನ್ನು ದಾಟಿಲ್ಲವೇ? ಮನೆಯಲ್ಲಿ ಮೊದಲ ಬಾರಿಗೆ ಪದವಿ ಪಡೆಯುವವರು ನಮ್ಮಲ್ಲಿ ಅನೇಕರು. ನಾವು ತಂದ ಕಾಗದವನ್ನು, ನಾವು ಹೇಳಿದ ಮಾತನ್ನು ಮನೆಯವರು ಪರೀಕ್ಷಿಸದೆ ನಂಬುತ್ತಾರೆ. ಆದ್ದರಿಂದ ಪರೀಕ್ಷಿಸುವ ಭಾರ ನಮ್ಮ ಮೇಲೆಯೇ ಇದೆ.

ಬಡ ದೇಶಕ್ಕೆ ಇಂಥ ದುಬಾರಿ ಸಂಶೋಧನೆ ಏಕೆ, ಆ ಹಣದಲ್ಲಿ ಹಳ್ಳಿಗಳಿಗೆ ಏನಾದರೂ ಮಾಡಬಾರದೇ ಎಂದು ಕೇಳುವವರಿದ್ದಾರೆ. ಆಕ್ಷೇಪಣೆ ತಳ್ಳಿಹಾಕುವಂಥದಲ್ಲ. ನಮ್ಮೂರಿಗೆ ದೂರವಲ್ಲದ ಗೋಕಾಕ ಜಲಪಾತದಲ್ಲಿ 1887ರಲ್ಲೇ ಘಟಪ್ರಭೆಯ ನೀರಿನಿಂದ ವಿದ್ಯುತ್ತು ತೆಗೆದರು. ದೇಶದಲ್ಲೇ ಮೊದಮೊದಲಿನ ಪ್ರಯತ್ನಗಳಲ್ಲೊಂದೆಂದು ನಾವು ಹೆಮ್ಮೆಪಡುತ್ತೇವೆ. ಆದರೆ ನಮ್ಮ ಮನೆಗೆ ದೀಪ ಬಂದದ್ದು ಅಪ್ಪ ಶಾಲೆಗೆ ಹೋಗುವ ಕಾಲಕ್ಕೆ. ನಡುವೆ ನೂರು ವರ್ಷಗಳ ಹತ್ತಿರ ಕಳೆದಿದ್ದವು. ಇದರಿಂದ ಸಂಶೋಧನೆ ಬೇಡವೆಂದಾಗುವುದಿಲ್ಲ. ಶೋಧಿಸುವುದು ಒಂದು ಕೆಲಸ, ಶೋಧವನ್ನು ಬಡವನ ಬಾಗಿಲಿಗೆ ಮುಟ್ಟಿಸುವುದು ಇನ್ನೊಂದು ಕೆಲಸ ಎಂದಾಗುತ್ತದೆ. ಎರಡನೆಯದನ್ನು ಕೇಳಿ ಪಡೆಯಬೇಕಾದವರು ನಾಳೆ ಶಿಕ್ಷಕರೂ ಗುಮಾಸ್ತರೂ ಪಂಚಾಯತಿ ಸದಸ್ಯರೂ ಆಗಲಿರುವ ನಾವು. ವಿಷಯವೇ ತಿಳಿಯದವರು ಏನನ್ನು ಕೇಳಿಯಾರು?

ಅದಕ್ಕಾಗಿ ನನ್ನದೊಂದು ಸಣ್ಣ ಸೂಚನೆ. ನಮ್ಮ ಕಾಲೇಜಿನಲ್ಲಿ ಪ್ರತಿ ಅವಧಿಗೊಮ್ಮೆಯಾದರೂ ವಿಜ್ಞಾನದ ಅಧ್ಯಾಪಕರೊಬ್ಬರನ್ನು ಕರೆಸಿ ಕನ್ನಡದಲ್ಲಿ ಉಪನ್ಯಾಸ ಮಾಡಿಸಲಿ. ಭಾಷಣಕ್ಕಿಂತ ಪ್ರಶ್ನೆಗಳಿಗೆ ಹೆಚ್ಚು ಹೊತ್ತಿರಲಿ. ಚರ್ಚಾಸ್ಪರ್ಧೆಯಲ್ಲಿ ಯಾರೇ ಅಂಕಿಅಂಶ ಹೇಳಿದರೂ “ಎಲ್ಲಿಂದ ಬಂತು?” ಎಂದು ಕೇಳುವ ಹಕ್ಕು ಸಭೆಗಿರಲಿ. “ತಿಳಿಯದು” ಎಂದು ಹೇಳಿದ ವಿದ್ಯಾರ್ಥಿಯನ್ನು ಯಾರೂ ನಗದಿರಲಿ.

ಗಾಣದ ಮನೆಯಲ್ಲಿ ಅಜ್ಜ ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಿದ್ದರು. ಅಷ್ಟಕ್ಕೇ ಮುಗಿಸದೆ ಪಕ್ಕದವರ ಕೈಗೂ ಕೊಡುತ್ತಿದ್ದರು. “ಹದಾ ಬಂದೈತಿ ಅಂತ ನಾ ಒಬ್ಬಾಂವ ಅಂದ್ರ ಆಗೂದಿಲ್ಲ ಯವ್ವಾ, ನೀನೂ ಮುಟ್ಟಿ ನೋಡು” ಎನ್ನುತ್ತಿದ್ದರು. ಶಾಲೆಯ ಮೆಟ್ಟಿಲು ಹತ್ತದ ಅವರು ಕಲಿಸಿದ ಪಾಠ ಅದು. ಪದವಿಯ ಹೊಸ್ತಿಲಲ್ಲಿ ನಿಂತಿರುವ ನಾನು ಅದನ್ನು ಈಗ ಮತ್ತೆ ಮೊದಲಿನಿಂದ ಕಲಿಯುತ್ತಿದ್ದೇನೆ.