ತಂತಿ ಇಳಿಸುವ ಮೊದಲು ಒಂದು ಲೆಕ್ಕ

ಕರ್ನಾಟಕದ ಮಾನ್ಯ ಆರೋಗ್ಯ ಸಚಿವರಿಗೆ,

2017ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಹೃದಯದ ರಕ್ತನಾಳವನ್ನು ತೆರೆದಿಡುವ ಔಷಧ ಲೇಪಿತ ಸ್ಟೆಂಟಿನ ಬೆಲೆಗೆ 29,600 ರೂಪಾಯಿಯ ಮಿತಿ ಹಾಕಿತು. ಬಡವರಿಗೆ ನಿಜಕ್ಕೂ ಉಪಕಾರವಾಯಿತು. ಆದರೆ ಎದುರಿಗಿರುವ ರೋಗಿಗೆ ಸ್ಟೆಂಟ್ ಬೇಕೇ ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.

‘ಎಪ್ಪತ್ತು ಪರ್ಸೆಂಟ್ ಬ್ಲಾಕ್’ ಎಂದೊಡನೆ ಮನೆಯವರ ಜೀವ ಬಾಯಿಗೆ ಬರುತ್ತದೆ. ಆಂಜಿಯೋಗ್ರಾಂ ತೋರಿಸುವುದು ರಕ್ತನಾಳದ ನೆರಳನ್ನು. ಬ್ಲಾಕಿನ ಆಚೆ ಒತ್ತಡ ಎಷ್ಟು ಕುಸಿದಿದೆ ಎಂದು ತಿಳಿಯಲು ನಾಳದೊಳಗೆ ತೆಳುವಾದ ತಂತಿ ಇಳಿಸಿ ಅಳೆಯಬೇಕು. ಆಚೆಯ ಒತ್ತಡವನ್ನು ಈಚೆಯದರಿಂದ ಭಾಗಿಸಿದಾಗ 0.80ಕ್ಕಿಂತ ಹೆಚ್ಚು ಬಂದರೆ ಸಾಮಾನ್ಯವಾಗಿ ಮಾತ್ರೆಯೇ ಸಾಕು. 2009ರಲ್ಲಿ ಪ್ರಕಟವಾದ ‘ಫೇಮ್’ ಅಧ್ಯಯನದಲ್ಲಿ 1,005 ರೋಗಿಗಳಿದ್ದರು. ಆಂಜಿಯೋಗ್ರಾಂ ನೋಡಿ ಕಣ್ಣಂದಾಜಿನಲ್ಲಿ ಹಾಕಿದ ಗುಂಪಿಗೆ ತಲಾ ಸರಾಸರಿ 2.7 ಸ್ಟೆಂಟ್, ಅಳೆದು ಹಾಕಿದವರಿಗೆ 1.9. ವರ್ಷದೊಳಗೆ ಸಾವು, ಹೃದಯಾಘಾತ ಅಥವಾ ಮರುಚಿಕಿತ್ಸೆ ಕಂಡವರು ಮೊದಲ ಗುಂಪಿನಲ್ಲಿ ಶೇ. 18.3, ಎರಡನೆಯದರಲ್ಲಿ ಶೇ. 13.2. ಸ್ಟೆಂಟ್ ಕಡಿಮೆಯಾಯಿತು, ರೋಗಿಯ ಪಾಡು ಸುಧಾರಿಸಿತು.

ಆ ತಂತಿಯೂ ಇಲ್ಲದೆ ಒತ್ತಡವನ್ನು ಲೆಕ್ಕದಿಂದಲೇ ಕಂಡುಕೊಳ್ಳುವ ದಾರಿಯನ್ನು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಎಂಜಿನಿಯರ್ ಚಾರ್ಲ್ಸ್ ಟೇಲರ್ ಮತ್ತು ಶಸ್ತ್ರವೈದ್ಯ ಕ್ರಿಸ್ಟೋಫರ್ ಝಾರಿನ್ಸ್ ರೂಪಿಸಿದರು. ಸಿಟಿ ಸ್ಕ್ಯಾನಿನಿಂದ ನಾಳದ ಆಕಾರ ತೆಗೆದು, ಅದನ್ನು ಲಕ್ಷಾಂತರ ಚೂರುಗಳಾಗಿ ವಿಂಗಡಿಸಿ, ದ್ರವ ಹರಿಯುವ ಬಗೆಯನ್ನು ಹೇಳುವ ನೇವಿಯರ್–ಸ್ಟೋಕ್ಸ್ ಸಮೀಕರಣಗಳನ್ನು ಕಂಪ್ಯೂಟರ್ ಬಿಡಿಸುತ್ತದೆ. 2014ರಲ್ಲಿ ಅಮೆರಿಕ ಈ ವಿಧಾನಕ್ಕೆ ಅನುಮತಿ ಕೊಟ್ಟಿತು; 2017ರಲ್ಲಿ ಇಂಗ್ಲೆಂಡಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ ಶಿಫಾರಸು ಮಾಡಿತು.

ಲೆಕ್ಕಕ್ಕೂ ಮಿತಿಗಳಿವೆ. ಸ್ಕ್ಯಾನಿಗೆ ಕಾಣದ ಸಣ್ಣ ನಾಳಗಳ ತಡೆಯನ್ನು ಹೃದಯದ ಸ್ನಾಯುವಿನ ತೂಕದಿಂದ ಊಹಿಸಬೇಕು. ಸುಣ್ಣಗಟ್ಟಿದ ನಾಳದ ಚಿತ್ರ ಮಸುಕಾಗುತ್ತದೆ. ನೇರ ಕೊಳವೆಯ ಅಗಲ ಅರ್ಧವಾದರೆ, ಅದೇ ಒತ್ತಡದಲ್ಲಿ ಹರಿವು ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಅಳತೆಯಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಉತ್ತರ ಎಲ್ಲಿಗೋ ಹೋಗುತ್ತದೆ. ಹೃದಯಾಘಾತವಾಗಿ ಆಂಬುಲೆನ್ಸಿನಲ್ಲಿ ಬಂದವರಿಗಂತೂ ಈ ಲೆಕ್ಕ ಸಲ್ಲದು. ಅಲ್ಲಿ ಪ್ರತಿ ನಿಮಿಷವೂ ಮುಖ್ಯ.

ಸಚಿವರೆ, ಬೆಂಗಳೂರಿನಲ್ಲಿ ಜಯದೇವ ಹೃದ್ರೋಗ ಸಂಸ್ಥೆಯಿದೆ. ಅದೇ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 3.3 ಪೆಟಾಫ್ಲಾಪ್ ಸಾಮರ್ಥ್ಯದ ಸೂಪರ್‌ಕಂಪ್ಯೂಟರ್ ‘ಪರಮ್ ಪ್ರವೇಗ’ ಇದೆ. ಇಂಥ ಲೆಕ್ಕಕ್ಕೆಂದೇ ಟೇಲರ್ ಅವರ ಪ್ರಯೋಗಾಲಯದಲ್ಲಿ ಹುಟ್ಟಿದ ‘ಸಿಮ್‌ವ್ಯಾಸ್ಕ್ಯುಲರ್’ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಎರಡೂ ಸಂಸ್ಥೆಗಳನ್ನು ಒಂದು ಮೇಜಿನ ಮುಂದೆ ಕೂರಿಸಿ. ಹೇಗೂ ತಂತಿಯ ಅಳತೆಗೆ ಒಳಗಾಗುವ, ಸಿಟಿ ಸ್ಕ್ಯಾನ್ ಇರುವ ರೋಗಿಗಳ ಒಪ್ಪಿಗೆ ಪಡೆದು, ಲೆಕ್ಕ ಹಾಕುವವರಿಗೆ ತಂತಿಯ ಉತ್ತರವನ್ನು ತಿಳಿಸದೆ ಲೆಕ್ಕ ಹಾಕಿಸಿ. ಎರಡೂ ತಾಳೆಯಾಗದ ಪ್ರಕರಣಗಳನ್ನೂ ಬಿಡದೆ ಪ್ರಕಟಿಸಲು ಆದೇಶಿಸಿ.