ಹಿರಿಯರನ್ನು ಕೇಳೋಣ

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆ ಎಲ್ಲರಿಗೂ ಗೊತ್ತು. ಆದರೆ ಮಾತು ಬಲ್ಲವರಲ್ಲಿಯೂ ಭಿನ್ನಾಭಿಪ್ರಾಯ ಬರುವುದುಂಟು. ಆಗ ಏನು ಮಾಡಬೇಕು? ಕ್ರೈಸ್ತ ಧರ್ಮದ ಆರಂಭಕಾಲದ ಒಂದು ಘಟನೆ ಇದಕ್ಕೆ ಉತ್ತರ ಕೊಡುತ್ತದೆ. ಬೈಬಲಿನ 'ಅಪೊಸ್ತಲರ ಕೃತ್ಯಗಳು' ಎಂಬ ಭಾಗದ 15ನೆಯ ಅಧ್ಯಾಯದಲ್ಲಿ ಅದು ಬಂದಿದೆ.

ಅದು ಕ್ರಿ.ಶ. 49ರ ಸುಮಾರಿನ ಮಾತು. ಯೇಸುವಿನ ಮೊದಲ ಶಿಷ್ಯರು ಯೆಹೂದ್ಯರು. ಮುಂದೆ ಅಂತಿಯೋಕ್ಯ ಪಟ್ಟಣದಲ್ಲಿ ಯೆಹೂದ್ಯರಲ್ಲದವರೂ ಸಭೆಯನ್ನು ಸೇರಿದರು. ಇವರೂ ಸುನ್ನತಿ ಮಾಡಿಸಿಕೊಳ್ಳಲೇಬೇಕೆಂದು ಯೂದಾಯದಿಂದ ಬಂದ ಕೆಲವರು ಹಟ ಹಿಡಿದರು. ಪೌಲನೂ ಬಾರ್ನಬನೂ ಅದನ್ನು ವಿರೋಧಿಸಿದರು. ವಾದ ಬಲವಾಯಿತು, ಆದರೂ ಸಭೆ ಒಡೆಯಲಿಲ್ಲ. ಯೆರೂಸಲೇಮಿನ ಹಿರಿಯರನ್ನು ಕೇಳಿಬರಲು ಇವರಿಬ್ಬರನ್ನೂ ಬೇರೆ ಕೆಲವರನ್ನೂ ಕಳುಹಿಸಿದರು.

ಅಲ್ಲಿ ಬಹಳ ಚರ್ಚೆಯಾಯಿತು. ಪೇತ್ರನು ತನ್ನ ಅನುಭವ ಹೇಳಿದನು. ಬಾರ್ನಬ, ಪೌಲರು ಮಾತನಾಡುವಾಗ ಸಭೆಯೆಲ್ಲ ಮೌನವಾಗಿ ಕೇಳಿತು. ಕೊನೆಗೆ ಯಾಕೋಬನು ತೀರ್ಪು ಹೇಳಿದನು: ಸುನ್ನತಿಯ ಹೊರೆ ಬೇಡ, ಆದರೆ ವಿಗ್ರಹಕ್ಕೆ ಅರ್ಪಿಸಿದ್ದನ್ನು ತಿನ್ನುವುದು, ರಕ್ತ, ಕುತ್ತಿಗೆ ಹಿಸುಕಿ ಕೊಂದ ಪ್ರಾಣಿಯ ಮಾಂಸ, ಜಾರತ್ವ ಇವುಗಳನ್ನು ಬಿಡಬೇಕು. ಈ ತೀರ್ಪಿನ ಪತ್ರ ಓದಿ ಅಂತಿಯೋಕ್ಯದವರು ಸಂತೋಷಪಟ್ಟರು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಹಿರಿಯರು ಸ್ವತಃ ಯೆಹೂದ್ಯರಾಗಿದ್ದರೂ ತಮ್ಮ ರೂಢಿಯನ್ನು ಇತರರ ಮೇಲೆ ಹೇರಲಿಲ್ಲ. ಕೇಳಲು ಕಳುಹಿಸಿದವರು ಉತ್ತರವನ್ನು ಒಪ್ಪಿ ನಡೆದರು.

ಗಡಿನಾಡಿನ ನಮಗೆ ಇದು ದೂರದ ಕಥೆಯಲ್ಲ. ಉದಗೀರ, ನಿಲಂಗಾ ತಾಲೂಕುಗಳು 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ರಾಜ್ಯಗಳ ಗಡಿ ತಕರಾರಿಗಾಗಿ 1966ರಲ್ಲಿ ಮಹಾಜನ ಆಯೋಗ ನೇಮಕವಾಯಿತು. 1967ರಲ್ಲಿ ಅದು ಕೊಟ್ಟ ವರದಿಯನ್ನು ಕರ್ನಾಟಕ ಒಪ್ಪಿತು, ಮಹಾರಾಷ್ಟ್ರ ಒಪ್ಪಲಿಲ್ಲ. 2004ರಲ್ಲಿ ವಿವಾದ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಯಾರದು ಸರಿ ಎಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಎರಡೂ ಕಡೆಯವರು ಒಪ್ಪದ ಸಲಹೆಯಿಂದ ಜಗಳ ತೀರುವುದಿಲ್ಲ ಎಂಬುದಷ್ಟೇ ನನ್ನ ಅಭಿಪ್ರಾಯ. ಉಮರ್ಗಾದಿಂದ ಉದಗೀರದವರೆಗೆ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ಅನೇಕರಿದ್ದಾರೆ. ಇವರಿಗೆ ಬೇಕಾದುದು ಕೂಡಿ ಬಾಳುವ ದಾರಿ.

ಅದೇ ಅಧ್ಯಾಯದ ಕೊನೆಯಲ್ಲಿ ಇನ್ನೊಂದು ಪಾಠವಿದೆ. ಮಾರ್ಕನನ್ನು ಜೊತೆಗೆ ಕರೆದೊಯ್ಯುವ ಚಿಕ್ಕ ವಿಷಯಕ್ಕೆ ಪೌಲ, ಬಾರ್ನಬರೇ ಜಗಳವಾಡಿ ಬೇರೆಯಾದರು. ಆ ಸಲ ಅವರು ಯಾವ ಹಿರಿಯರನ್ನೂ ಕೇಳಿದ ಮಾತು ಅಲ್ಲಿಲ್ಲ!

ಗೆಳೆಯರೇ, ದೊಡ್ಡ ವಿವಾದಗಳು ನಮ್ಮ ಕೈಯಲ್ಲಿಲ್ಲ. ಆದರೆ ಬೆಂಚಿನ ಜಾಗಕ್ಕಾಗಿ, ಆಟದ ಸೋಲು ಗೆಲುವಿಗಾಗಿ ನಾವು ಮಾತು ಬಿಡುತ್ತೇವಲ್ಲ? ಮಾತು ಬಿಡುವ ಮೊದಲು ಗುರುಗಳನ್ನೋ ಮನೆಯ ಹಿರಿಯರನ್ನೋ ಕೇಳೋಣ. ಅವರು ಹೇಳಿದ್ದು ನಮಗೆ ವಿರುದ್ಧವಾದರೂ ನಡೆಸಿಕೊಡೋಣ.